ಜೇಬಲ್ಲಿ ಟ್ರೈಲೊಬೈಟ್ ಇಟ್ಕೊಂಡು ದೊಡ್ಡಗುಣಿಗೆ ಹೋಗಿದ್ದು

ಮೊದಲೇ ಹೇಳ್ಬಿಡ್ತೀನಿ, ಇದು ಜಲಪಾತ ದೇವಸ್ಥಾನದ ಟ್ರಿಪ್ ಅಲ್ಲ. ಒಂಬತ್ತು ಜನ ಮೂರು ದಿನ ಬರೀ ಕಲ್ಲು ನೋಡ್ಕೊಂಡ್ ಬಂದಿದ್ದು. ಪಳೆಯುಳಿಕೆ ಹುಚ್ಚು ಇರೋ ನಾವೊಂದಿಷ್ಟು ಜನ ವರ್ಷಕ್ಕೊಂದ್ ಸಲ ಎಲ್ಲಾದ್ರೂ ಸೇರ್ತೀವಿ, ಈ ಸಲ ತುಮಕೂರು ಅಂತ ಆಯ್ತು. ನಮ್ಮ ಮೇಷ್ಟ್ರ ಮನೆ ಅಲ್ಲೇ ಇರೋದು, ಹೈಸ್ಕೂಲಲ್ಲಿ ವಿಜ್ಞಾನ ಹೇಳಿ ರಿಟೈರ್ ಆದೋರು, ಇಡೀ ಗುಂಪಿಗೆ ಅವರೇ ಹಿರೀಕರು. ನಂದು ಹುಟ್ಟೂರು ಶಿರಾ, ಕೆಲಸ ಬೆಂಗಳೂರಲ್ಲಿ, ಹಂಗಾಗಿ ತುಮಕೂರು ನಂಗೆ ಬಸ್ಸಿಂದ ಇಳೀದೇ ದಾಟ್ಕೊಂಡ್ ಹೋಗೋ ಊರು. ಅಲ್ಲಿ ಏನ್ ಫಾಸಿಲ್ ಇರತ್ತೆ ಅಂತ ನಾನೇ ಮೊದಲು ಮೂಗು ಮುರಿದಿದ್ದು.

ಮೊದಲನೇ ದಿನ, ಶುಕ್ರವಾರ

ಸಂಕ್ರಾಂತಿ ಮುಗಿದ ವಾರ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆ, ಜಾಕೆಟ್ ಜೇಬಲ್ಲಿ ಹತ್ತಿ ಸುತ್ತಿದ್ ಒಂದು ಡಬ್ಬಿ, ಡಬ್ಬಿ ಒಳಗೆ ನನ್ನ ಟ್ರೈಲೊಬೈಟ್. ಆನ್‌ಲೈನಲ್ಲಿ ಒಬ್ಬರ ಹತ್ರ ತರಿಸಿದ್ದು, 4,200 ರೂಪಾಯಿ, ಮೊರಾಕೊ ದೇಶದ್ದು ಅಂತ ಸರ್ಟಿಫಿಕೇಟ್ ಬೇರೆ ಕೊಟ್ಟಿದ್ರು. ತಲೆ ಮುಂದೆ ತ್ರಿಶೂಲದ ಥರ ಮೂರು ಕವಲು, ಮೈಮೇಲೆಲ್ಲ ಮುಳ್ಳು. ಮನೇಲಿ ಹೆಂಡ್ತಿಗೆ ರೇಟು 800 ಅಂತ ಹೇಳಿದ್ದೆ. ಈ ಸಲದ ಮೀಟಿಂಗಲ್ಲಿ ನಂದೇ ಹೀರೋ ಅಂತ ದಾಬಸ್‌ಪೇಟೆವರೆಗೂ ಕನಸು ಕಾಣ್ತಾ ಹೋದೆ.

ಗೊತ್ತಿಲ್ಲದೋರಿಗೆ ಒಂದೇ ಮಾತಲ್ಲಿ, ಟ್ರೈಲೊಬೈಟ್ ಅಂದ್ರೆ ಸಮುದ್ರದಲ್ಲಿ ಇದ್ದಂಥ ಚಿಪ್ಪಿನ ಪ್ರಾಣಿ, ಏಡಿ ಸೀಗಡಿ ಚೇಳು ಇವುಗಳ ದೊಡ್ಡ ಕುಟುಂಬದ್ದೇ. ಸುಮಾರು 52 ಕೋಟಿ ವರ್ಷದ ಹಿಂದಿನ ಬಂಡೆಗಳಲ್ಲಿ ಮೊದಲು ಕಾಣಿಸ್ಕೊಳ್ಳತ್ತೆ, 25 ಕೋಟಿ ವರ್ಷದ ಹಿಂದೆ ಪೂರ್ತಿ ಅಳಿದು ಹೋಗತ್ತೆ. ನಡುವೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜಾತಿ. ಕಡ್ಲೆಕಾಳಿಗಿಂತ ಸಣ್ಣದೂ ಇದೆ, ಕೆನಡಾದ ಚರ್ಚಿಲ್ ಅನ್ನೋ ಊರಿನ ಹತ್ರ 1998ರಲ್ಲಿ ಸಿಕ್ಕಿದ್ದು 70 ಸೆಂಟಿಮೀಟರ್‌ಗೂ ಉದ್ದ, ತೊಟ್ಟಿಲಲ್ಲಿ ಮಲಗಿಸಬಹುದು ಅಷ್ಟು.

ಮೇಷ್ಟ್ರ ಮನೆ ತಲುಪೋ ಹೊತ್ತಿಗೆ ಹನ್ನೊಂದು. ಆಗ್ಲೇ ಐದಾರು ಜನ ಬಂದಿದ್ರು. ಹಾಸನದ ಹಲ್ಲಿನ ಡಾಕ್ಟ್ರು, ಕೆಜಿಎಫ್ ಅಣ್ಣ, ಮೈಸೂರಲ್ಲಿ ಜಿಯಾಲಜಿ ಎಂಎಸ್ಸಿ ಮಾಡ್ತಿರೋ ಹುಡುಗಿ, ಇನ್ನಿಬ್ಬರು ದಾವಣಗೆರೆಯೋರು. ನಡುಮನೇಲಿ ಮೇಷ್ಟ್ರ ತಾಯಿ, ಎಂಬತ್ತೇಳು ವರ್ಷ ಅಂತೆ, ಹಿದುಕಿದಬೇಳೆಗೆ ನೆನೆಸಿದ್ ಅವರೆಕಾಳು ಮುಂದಿಟ್ಕೊಂಡು ಕೂತಿದ್ರು. "ಬಾಪ್ಪಾ, ಸುಮ್ನೆ ಕೂರೋ ಬದ್ಲು ಎರಡು ಕಾಳು ಹಿದುಕು" ಅಂದ್ರು. ಹಂಗೆ ನಮ್ಮ ವೈಜ್ಞಾನಿಕ ಸಮಾವೇಶ ಉದ್ಘಾಟನೆ ಆಗಿದ್ದು.

ಎಲ್ಲಾರೂ ಒಂದೊಂದಾಗಿ ತಂದಿದ್ದನ್ನ ಟೀಪಾಯಿ ಮೇಲೆ ಇಟ್ರು. ಡಾಕ್ಟ್ರು ತಂದಿದ್ದು ಒಂದು ಕಪ್ಪು ಬಿಲ್ಲೆ ಥರದ್ದು, ಹೆಬ್ಬೆರಳಿನ ಉಗುರಿಗಿಂತ ಒಂಚೂರು ದೊಡ್ಡದು, ಎಲ್ರೇಥಿಯಾ ಕಿಂಗೈ ಅಂತ, ಅಮೆರಿಕಾದ ಯೂಟಾದಿಂದ. ಅವರ ತಂಗಿ ತಂದುಕೊಟ್ಟಿದ್ದಂತೆ, ಅಂಥವು ಮೂರಿವೆ. ಅಲ್ಲಿ ಅದು ರಾಶಿ ರಾಶಿ ಸಿಗೋದ್ರಿಂದ ಬೆಲೆ ಏನೂ ಜಾಸ್ತಿ ಇಲ್ಲ. ನೋಡಿ ನಂಗೆ ಸ್ವಲ್ಪ ಸಮಾಧಾನನೇ ಆಯ್ತು, ಇದರ ಮುಂದೆ ನನ್ನ ತ್ರಿಶೂಲದೋನು ಎಲ್ಲಿ! ಅಲ್ಲಿನ ಮೂಲನಿವಾಸಿ ಯೂಟ್ ಜನ ಇದಕ್ಕೆ ತೂತು ಮಾಡಿ ಕುತ್ತಿಗೆಗೆ ಕಟ್ಕೋತಿದ್ರಂತೆ, ನಮ್ಮ ತಾಯತದ ಥರ, ಅವರ ಭಾಷೇಲಿ ಅದರ ಹೆಸರಿಗೆ ಕಲ್ಲಿನ ಮನೇಲಿರೋ ಪುಟ್ಟ ನೀರುಹುಳ ಅನ್ನೋ ಅರ್ಥ ಬರತ್ತಂತೆ. ಯಾವ ಪ್ರೊಫೆಸರ್ ಇಟ್ಟ ಹೆಸರಿಗಿಂತಲೂ ಚೆನ್ನಾಗಿದೆ. ಯಾಕಂದ್ರೆ ಓದಿದೋರ ಕಥೆ ಕೇಳಿ, ವೇಲ್ಸ್‌ನಲ್ಲಿ ಎಡ್ವರ್ಡ್ ಲ್ವಿಡ್ ಅನ್ನೋ ವಿದ್ವಾಂಸರು 1698ರಲ್ಲಿ ಒಂದು ಟ್ರೈಲೊಬೈಟ್ ಚಿತ್ರ ಬರೆದು ಕಳಿಸುವಾಗ ಇದ್ಯಾವುದೋ ಚಪ್ಪಟೆ ಮೀನಿನ ಅಸ್ಥಿಪಂಜರ ಅಂದ್ಕೊಂಡಿದ್ರು. ಟ್ರೈಲೊಬೈಟ್ ಅನ್ನೋ ಹೆಸರು ಬಂದಿದ್ದೇ 1771ರಲ್ಲಿ, ವಾಲ್ಖ್ ಅನ್ನೋ ಜರ್ಮನ್‌ರಿಂದ.

ಆ ಹೆಸರಿನ ವಿಷಯಕ್ಕೆ ನಾನು ಬಾಯಿ ಹಾಕಿ ಸಿಕ್ಕಾಕೊಂಡೆ. ಮೂರು ಭಾಗ, ತಲೆ ಎದೆ ಬಾಲ, ಅದಕ್ಕೇ ಟ್ರೈ ಅಂತ ದೊಡ್ಡದಾಗಿ ವಿವರಿಸಿದೆ. ಮೈಸೂರು ಹುಡುಗಿ ನಕ್ಕಳು. "ಅಣ್ಣ, ಅಡ್ಡಕ್ಕಲ್ಲ, ಉದ್ದಕ್ಕೆ ಎಣಿಸಬೇಕು." ಅಂದ್ರೆ ಬೆನ್ನಿನ ನಡುವೆ ಉಬ್ಬಿರೋದು ಒಂದು ಹಾಲೆ, ಅದರ ಎಡಕ್ಕೊಂದು ಬಲಕ್ಕೊಂದು. ಹೆಸರು ಬಂದಿರೋದು ಅದರಿಂದ. ತಲೆ ಎದೆ ಬಾಲ ಅಂತ ಮೂರು ಇರೋದೂ ನಿಜನೇ, ಆದ್ರೆ ಅದು ಬೇರೆ ಲೆಕ್ಕ. ಹತ್ತು ವರ್ಷದಿಂದ ಎಲ್ಲರಿಗೂ ತಪ್ಪು ಹೇಳ್ಕೊಂಡ್ ಬಂದಿದೀನಿ, ನನ್ನ ಮಗಳ ಸ್ಕೂಲಲ್ಲೂ ಒಂದ್ಸಲ ಹೇಳಿದ್ದೆ.

ಆಮೇಲೆ ಅವಳು ಅಜ್ಜಿ ಮುಂದಿನ ತಟ್ಟೆಯಿಂದ ಒಂದು ಅವರೆಕಾಳು ತಗೊಂಡು ಎರಡು ಬೆರಳಲ್ಲಿ ಹಿದುಕಿದಳು, ಬೇಳೆ ಪಾತ್ರೆಗೆ ಹಾರ್ತು, ಸಿಪ್ಪೆ ಕೈಲಿ ಉಳೀತು. "ನಮ್ಗೆ ಸಿಗೋ ಟ್ರೈಲೊಬೈಟಲ್ಲಿ ಜಾಸ್ತಿ ಪಾಲು ಈ ಸಿಪ್ಪೆ" ಅಂದಳು. ಏಡಿ ಬೆಳೀಬೇಕಂದ್ರೆ ಹಳೇ ಚಿಪ್ಪು ಕಳಚಬೇಕಲ್ಲ, ಹಂಗೇ ಇದೂ ಕೂಡ. ಬಹಳಷ್ಟು ಜಾತಿಗಳಲ್ಲಿ ತಲೆಯ ಚಿಪ್ಪಲ್ಲಿ ಕಣ್ಣಿನ ಪಕ್ಕ ಹೊಲಿಗೆ ಥರ ಗೆರೆ ಇರತ್ತೆ, ಅಲ್ಲಿ ಬಿಟ್ಕೊಂಡು ಕೆನ್ನೆ ಭಾಗ ಉದುರಿ ಪ್ರಾಣಿ ಮುಂದಕ್ಕೆ ತೆವಳಿ ಆಚೆ ಬರತ್ತೆ. ಒಂದೇ ಪ್ರಾಣಿ ಜೀವಮಾನದಲ್ಲಿ ಎಷ್ಟೋ ಸಲ ಹಿಂಗೆ ಕಳಚಿ ಎಷ್ಟೋ ಫಾಸಿಲ್ ಬಿಟ್ಟು ಹೋಗಿರತ್ತೆ. ಕೆನ್ನೆ ಇಲ್ಲದ ಟ್ರೈಲೊಬೈಟ್ ಸಿಕ್ತು ಅಂದ್ರೆ ಸತ್ತ ಪ್ರಾಣಿ ಅಲ್ಲ, ಬಿಚ್ಚಿ ಬಿಸಾಕಿದ ಅಂಗಿ ಇರಬಹುದು ಅಂತ ಅನುಮಾನ ಪಡಬೇಕು. ಅಜ್ಜಿ ಕೇಳಿಸ್ಕೊಂಡು "ಅಂದ್ರೆ ಬೇಳೆ ತಪ್ಪಿಸ್ಕೊಂಡ್ ಹೋಯ್ತು, ನೀವು ಸಿಪ್ಪೆ ಕೂಡಿಡ್ತೀರಿ" ಅಂದ್ರು. ಯಾರಿಗೂ ಉತ್ತರ ಹೊಳೀಲಿಲ್ಲ.

ಕಣ್ಣಿನ ಮಾತು ಬಂದಾಗ ಡಾಕ್ಟ್ರು ತಮ್ಮ ಭೂತಗನ್ನಡಿ ತೆಗೆದ್ರು. ಟ್ರೈಲೊಬೈಟ್ ಕಣ್ಣಿನ ಮಸೂರ ಕ್ಯಾಲ್ಸೈಟ್, ಅಂದ್ರೆ ಸುಣ್ಣದಕಲ್ಲಲ್ಲಿ ಇರೋ ಖನಿಜವೇ. ನೊಣದ ಕಣ್ಣಿನ ಥರ ಸಣ್ಣ ಸಣ್ಣ ಮಸೂರಗಳ ಗುಂಪು. ಫೇಕಾಪ್ಸ್ ಅನ್ನೋ ಜಾತಿಯಲ್ಲಂತೂ ಒಂದೊಂದೂ ಬೇರೆ ಬೇರೆಯಾಗಿ ದಾಳಿಂಬೆ ಕಾಳು ಜೋಡಿಸಿದಂಗೆ ಕಾಣತ್ತೆ. ಎರ್ಬೆನೊಕೈಲೆ ಅಂತ ಇನ್ನೊಂದಿದೆ, ಅದರ ಕಣ್ಣು ಗೋಪುರದ ಥರ ಎತ್ತರ, ಮೇಲ್ಗಡೆ ಬಿಸಿಲು ತಡೆಯೋಕೆ ಸೂರು ಚಾಚಿದಂಗೆ ಒಂದು ಅಂಚು. ಫೋಟೋ ತೋರಿಸಿದ್ರು. ನಮ್ಮೂರ ಹಳೇ ಮನೆ ಕಿಟಕಿ ಸಜ್ಜ ನೆನಪಾಯ್ತು.

ಸರಿ, ಈಗ ನನ್ನ ಸರದಿ. ಡಬ್ಬಿ ತೆಗೆದೆ. ಒಂದು ಕ್ಷಣ ಎಲ್ಲಾರೂ ಓಹ್ ಅಂದ್ರು, ಆ ಒಂದು ಕ್ಷಣಕ್ಕೆ 4,200 ಕೊಟ್ಟಿದ್ದು ವಸೂಲಿ ಅನ್ಸ್ತು. ಡಾಕ್ಟ್ರು ಎತ್ಕೊಂಡು ಕಿಟಕಿ ಹತ್ರ ಹೋದ್ರು, ಭೂತಗನ್ನಡಿ ಹಿಡಿದು ನೋಡಿದ್ರು, ನೋಡ್ತಾನೇ ಇದ್ರು, ಮಾತಿಲ್ಲ. ಹಲ್ಲಿನ ಡಾಕ್ಟ್ರು ಮಾತಾಡದೇ ಬಾಯೊಳಗೆ ನೋಡ್ತಾ ನಿಂತಾಗ ಪೇಷಂಟಿಗೆ ಏನಾಗತ್ತೋ ನಂಗೂ ಅದೇ ಆಯ್ತು. ಕೊನೆಗೆ "ಇದನ್ನ ನಾನು ದಿನಾ ಜನರ ಹಲ್ಲಲ್ಲಿ ತುಂಬ್ತೀನಿ ಕಣ್ರಿ" ಅಂದ್ರು.

ರೆಸಿನ್. ಮುಳ್ಳಿನ ಬುಡದಲ್ಲಿ ಗುಂಡುಸೂಜಿ ಮೊನೆಯಷ್ಟು ಗುಳಿಗಳು, ಅಚ್ಚಿಗೆ ಸುರಿಯುವಾಗ ಸಿಕ್ಕಾಕೊಂಡ ಗಾಳಿಗುಳ್ಳೆ. ನಾನು ಒಪ್ಪಲಿಲ್ಲ, ಸರ್ಟಿಫಿಕೇಟ್ ತೋರಿಸಿದೆ. ಮೇಷ್ಟ್ರು ಒಳಗಿಂದ ಸೂಜಿ ತಂದ್ರು, ಸ್ಟವ್ ಮೇಲೆ ಕೆಂಪಗೆ ಕಾಯಿಸಿ ಹೊಟ್ಟೆ ಕಡೆ ಒಂದು ಮೂಲೇಲಿ ಚುಚ್ಚಿದ್ರು. ಕಲ್ಲಾಗಿದ್ರೆ ಏನೂ ಆಗ್ಬಾರ್ದು. ಸೂಜಿ ಬೆಣ್ಣೆಗೆ ಇಳಿದಂಗೆ ಇಳೀತು, ಪ್ಲಾಸ್ಟಿಕ್ ಸುಟ್ಟ ವಾಸನೆ ಹಿದುಕಿದಬೇಳೆ ಒಗ್ಗರಣೆ ವಾಸನೆ ಜೊತೆ ಸೇರ್ಕೊಂಡು ಮನೆಯೆಲ್ಲಾ ತುಂಬ್ಕೊಳ್ತು. ಕೆಳಗಿನ ಕಲ್ಲು ಮಾತ್ರ ನಿಜವಾದ್ದಂತೆ, ಅದನ್ನ ಕೊರೆದು ಅಚ್ಚು ಕೂರಿಸಿ ಸುತ್ತ ಕಲ್ಲಿನ ಪುಡಿ ಅಂಟಿಸಿದಾರೆ. ಮೊರಾಕೊದಲ್ಲಿ ಅಲ್ನಿಫ್ ಕಡೆ ನಿಜವಾದ ಅದ್ಭುತ ಟ್ರೈಲೊಬೈಟ್‌ಗಳು ಸಿಗೋದು ಹೌದು, ವ್ಯಾಲಿಸೆರಾಪ್ಸ್ ಅನ್ನೋ ತ್ರಿಶೂಲದ್ದೂ ಹೌದು, ಆದ್ರೆ ಅಂಥ ಮುಳ್ಳು ಮುಳ್ಳಿನದನ್ನ ಗಟ್ಟಿ ಕಲ್ಲಿಂದ ಬಿಡಿಸೋಕೆ ಸಣ್ಣ ಗಾಳಿ ಉಳಿ ಹಿಡಿದು ದಿನಗಟ್ಟಲೆ ಕೂರಬೇಕು. ಅಷ್ಟು ಕೆಲಸದ್ದು ಆ ರೇಟಿಗೆ ಮನೆ ಬಾಗಿಲಿಗೆ ಬರತ್ತಾ ಅಂತ ಯಾರಾದ್ರೂ ಯೋಚನೆ ಮಾಡ್ಬೇಕಿತ್ತು. ನಾನು ಮಾಡ್ಲಿಲ್ಲ.

ಊಟಕ್ಕೆ ಮುದ್ದೆ, ಹಿದುಕಿದಬೇಳೆ ಸಾರು. ದುಃಖದಲ್ಲಿ ಎರಡು ಮುದ್ದೆ ಇಳಿಸಿದೆ.

ಸಂಜೆ ಇನ್ನೊಂದು ಆಯ್ತು. ನಂಗೆ ಸಮಾಧಾನ ಮಾಡೋಕೆ ಅಂತ ಮೇಷ್ಟ್ರು "ನಮ್ಮನೇಲಿ ನಿಜವಾದ್ ಫಾಸಿಲ್ ಇದೆ ಬಾ" ಅಂತ ದೇವರಮನೆ ಬಾಗಿಲಿಗೆ ಕರ್ಕೊಂಡ್ ಹೋದ್ರು. ಸಾಲಿಗ್ರಾಮ. ನೇಪಾಳದ ಕಾಳಿ ಗಂಡಕಿ ನದಿಯ ಕಪ್ಪು ಕಲ್ಲು, ಒಳಗೆ ಚಕ್ರ. ಆ ಚಕ್ರ ಅಂದ್ರೆ ಅಮೋನೈಟ್, ಸುರುಳಿ ಚಿಪ್ಪಿನ ಸಮುದ್ರಜೀವಿ, ಈಗಿನ ಆಕ್ಟೋಪಸ್ ಕಡೆ ನೆಂಟ. ಹಿಮಾಲಯ ಏಳೋಕ್ ಮುಂಚೆ ಅಲ್ಲಿ ಸಮುದ್ರ ಇತ್ತು ಅನ್ನೋದಕ್ಕೆ ನಮ್ಮ ಎಷ್ಟೋ ಮನೆಗಳಲ್ಲಿ ದಿನಾ ಸಾಕ್ಷಿಗೆ ಪೂಜೆ ನಡೀತಿದೆ. ಮುಟ್ಟೋಕೆ ಅಜ್ಜಿ ಬಿಡಲಿಲ್ಲ, ಹೊಸಲಾಚೆಯಿಂದಲೇ ನೋಡಿ ಅಂದ್ರು. ಹುಡುಗಿ ಸ್ವಲ್ಪ ಹೆದರ್ಕೊಂಡೇ "ಅಜ್ಜಿ, ಅದು ಸಮುದ್ರದ ಪ್ರಾಣಿ ಅಂತ ಹೇಳಿದ್ರೆ ಬೇಜಾರಿಲ್ವಾ" ಅಂತ ಕೇಳಿದ್ಲು. ಅಜ್ಜಿ ಹೇಳಿದ್ದು, "ಸಮುದ್ರದ್ದಲ್ವೇನಮ್ಮ, ಅದಕ್ಕೇ ದಿನಾ ನೀರ್ ಹಾಕೋದು."

ಎರಡನೇ ದಿನ, ಶನಿವಾರ

ಬೆಳಿಗ್ಗೆ ಆರೂವರೆಗೆ ಟಿಟಿ ಬಂತು. ಚಳಿ ಇತ್ತು, ಡ್ರೈವರ್ ಮಂಕಿಟೋಪಿ ಹಾಕ್ಕೊಂಡಿದ್ದ. ಹೊರಡೋಕ್ ಮುಂಚೆ ನಾನೊಂದು ದಡ್ಡ ಪ್ರಶ್ನೆ ಕೇಳಿದೆ, ಈ ಕಡೆ ಎಲ್ಲೂ ಟ್ರೈಲೊಬೈಟ್ ಸಿಗಲ್ವಾ ಮೇಷ್ಟ್ರೇ ಅಂತ. ಅವರು ಇದೇ ಕಾಯ್ತಿದ್ದಂಗೆ ಶುರು ಮಾಡಿದ್ರು.

"ನೀನ್ ನಿನ್ನೆ ಬಂದ್ಯಲ್ಲ, ಬೆಂಗಳೂರಿಂದ ತುಮಕೂರಿಗೆ 70 ಕಿಲೋಮೀಟರ್. ಮೆಜೆಸ್ಟಿಕ್‌ನಲ್ಲಿ ಭೂಮಿ ಹುಟ್ತು ಅಂದ್ಕೋ, ತುಮಕೂರು ಬಸ್‌ಸ್ಟ್ಯಾಂಡ್ ಅಂದ್ರೆ ಇವತ್ತು. ಒಂದ್ ಕಿಲೋಮೀಟರ್‌ಗೆ ಆರೂವರೆ ಕೋಟಿ ವರ್ಷ ಬೀಳತ್ತೆ." ಲೆಕ್ಕ ಹಾಕ್ತಾ ಹೋದ್ವಿ. ಭೂಮಿಗೆ 454 ಕೋಟಿ ವರ್ಷ, ಸರಿಹೋಯ್ತು. ಟ್ರೈಲೊಬೈಟ್ ಹುಟ್ಟಿದ್ದು ತುಮಕೂರಿಗೆ ಇನ್ನೂ ಎಂಟು ಕಿಲೋಮೀಟರ್ ಇರುವಾಗ, ಅಂದ್ರೆ ಕ್ಯಾತ್ಸಂದ್ರ ಸಿಗೋಕ್ ಸ್ವಲ್ಪ ಮುಂಚೆ. ಅಲ್ಲೀವರೆಗೂ ದಾರಿ ಖಾಲಿ, ದೊಡ್ಡ ಪ್ರಾಣಿ ಅಂತ ಹೇಳ್ಕೊಳ್ಳೋಕೆ ಹೆಚ್ಚೇನಿಲ್ಲ. ಕ್ಯಾತ್ಸಂದ್ರ ದಾಟ್ತಿದ್ದಂಗೆ ಸತ್ತೂ ಹೋದ್ವು, ಸೈಬೀರಿಯಾದಲ್ಲಿ ಲಾವಾ ಉಕ್ಕಿ ಗಾಳಿ ನೀರು ಎರಡೂ ಕೆಟ್ಟು ಸಮುದ್ರದ ಬಹುಪಾಲು ಜೀವರಾಶಿಯೇ ಹೋದ ಕಾಲ ಅದು. ಡೈನೋಸಾರ್ ಹೋಗಿದ್ದು ಬಸ್‌ಸ್ಟ್ಯಾಂಡಿಗೆ ಒಂದೇ ಕಿಲೋಮೀಟರ್ ಇದೆ ಅನ್ನುವಾಗ. ಮನುಷ್ಯ ಬಂದಿದ್ದು? ಬಸ್ ನಿಲ್ಲೋಕ್ ಮುಂಚಿನ ಐದು ಮೀಟರ್ ಕೂಡ ಇಲ್ಲ, ಕಂಡಕ್ಟರ್ "ಇಳ್ಕೊಳ್ರಿ" ಅನ್ನೋ ಹೊತ್ತಿಗೆ.

"ಈಗ ನಮ್ಮ ಜಿಲ್ಲೆ ಬಂಡೆ ಎಲ್ಲಿದೆ ಹೇಳು?" ಲಾಲ್‌ಬಾಗ್ ಬಂಡೆ ಎಲ್ಲರಿಗೂ ಗೊತ್ತು, 300 ಕೋಟಿ ವರ್ಷ, ಪೆನಿನ್ಸುಲಾರ್ ನೈಸ್ ಅಂತ, ನಮ್ಮ ಕಡೆ ನೆಲದಡಿ ಬಹುಪಾಲು ಅದೇ ಜಾತಿ. ಇವತ್ತು ನೋಡೋಕೆ ಹೋಗ್ತಿರೋ ಬಂಡೆ 250 ಕೋಟಿಗಿಂತ ಹಳೇದು. ಲೆಕ್ಕ ಹಾಕಿದ್ರೆ ನೆಲಮಂಗಲದ ಆಸುಪಾಸು ಬೀಳತ್ತೆ. ನೆಲಮಂಗಲದಲ್ಲಿ ಮುಚ್ಚಿದ ಪೆಟ್ಟಿಗೆ ಒಳಗೆ ಕ್ಯಾತ್ಸಂದ್ರದಲ್ಲಿ ಹುಟ್ಟಿದೋನು ಎಲ್ಲಿಂದ ಬರ್ತಾನೆ? ಇಷ್ಟು ದಿನ ನಾನು ನಮ್ಮ ಕಡೆ ಏನೂ ಇಲ್ಲ, ಬಡ ಕಲ್ಲು ಅಂತ ಅಂದ್ಕೊಂಡಿದ್ದೆ. ಇಲ್ಲದಿರೋದು ಹೌದು, ಕಾರಣ ಮಾತ್ರ ಉಲ್ಟಾ.

ಭಾರತದಲ್ಲಿ ಬೇಕು ಅಂದ್ರೆ ಹಿಮಾಲಯಕ್ಕೆ ಹೋಗ್ಬೇಕು. ಹುಡುಗಿ ಸ್ಪಿತಿ ಕಣಿವೆಗೆ ಕಾಲೇಜಿಂದ ಹೋಗಿದ್ಲಂತೆ, ಅಲ್ಲಿ ಪರಾಹಿಯೊ ನದಿ ಪಕ್ಕದ ಬಂಡೆಗಳಲ್ಲಿ ಕೇಂಬ್ರಿಯನ್ ಕಾಲದ, ಅಂದ್ರೆ ಸುಮಾರು 50 ಕೋಟಿ ವರ್ಷ ಹಳೇ ಟ್ರೈಲೊಬೈಟ್‌ಗಳು ಇವೆ. ಹೇಡನ್ ಅನ್ನೋ ಬ್ರಿಟಿಷ್ ಭೂವಿಜ್ಞಾನಿ ಕೂಡಿಸಿ ತಂದಿದ್ದನ್ನ ರೀಡ್ ಅನ್ನೋರು 1910ರಲ್ಲಿ ವಿವರವಾಗಿ ಬರೆದ್ರು. ಕಾಶ್ಮೀರದಲ್ಲೂ ಇವೆ. ಉಸಿರಾಡೋಕೇ ಕಷ್ಟ ಆಗೋ ಎತ್ತರದಲ್ಲಿ ಕೂತು ಸಮುದ್ರದ ತಳದ ಹುಳ ಹುಡುಕೋದು, ಅವಳಿಗೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಕೆನ್ನೆ ಚೂರು ಮತ್ತೆ ವಿಪರೀತ ತಲೆನೋವು.

ಗುಬ್ಬೀಲಿ ತಿಂಡಿ. ವೀರಣ್ಣನವರ ಊರು ಅಂತ ಕೆಜಿಎಫ್ ಅಣ್ಣ ಎರಡು ಸಾಲು ನಾಟಕದ ಕಂದ ಹಾಡೋಕ್ ಹೋಗಿ ಮಧ್ಯದಲ್ಲಿ ಮರೆತ್ರು. ಅಲ್ಲಿಂದ ನಿಟ್ಟೂರು ಕಡೆ. ಎರಡೂ ಕಡೆ ತೆಂಗು ಅಡಿಕೆ, ನಡುವೆ ರಾಗಿ ಕೊಯ್ದ ಹೊಲದಲ್ಲಿ ಮೆದೆ. ಚಿತ್ರದುರ್ಗದ ಕಡೆಯಿಂದ ಒಂದು ಉದ್ದನೆ ಶಿಲಾಪಟ್ಟಿ ನಮ್ಮ ಜಿಲ್ಲೆ ಮೂಲಕ ದಕ್ಷಿಣಕ್ಕೆ ಇಳಿಯತ್ತೆ, ಚಿಕ್ಕನಾಯಕನಹಳ್ಳಿ ಕಡೆಯ ಕಬ್ಬಿಣ ಮ್ಯಾಂಗನೀಸ್ ಗಣಿ ಎಲ್ಲ ಅದರದ್ದೇ. ಅದೇ ಪಟ್ಟಿಯಲ್ಲಿ ಸುಣ್ಣದಕಲ್ಲು, ಅದರ ನೆಂಟ ಕಲ್ಲು ಡಾಲಮೈಟ್ ಕೂಡ ಇದೆ. ದೊಡ್ಡಗುಣಿ ಹತ್ರದ ಅಂಥ ಕಲ್ಲಲ್ಲಿ ಸ್ಟ್ರೊಮ್ಯಾಟೊಲೈಟ್, ಅಂದ್ರೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬೆಳೆದು ಆದ ಕಲ್ಲು, ಇದೆ ಅಂತ ವಿಜ್ಞಾನಿಗಳು ಬರೆದು ದಶಕಗಳೇ ಆಗಿವೆ. ಮೇಷ್ಟ್ರ ಹತ್ರ ಅದರದ್ದೊಂದು ಜೆರಾಕ್ಸ್ ಪ್ರತಿ, ಮ್ಯಾಪ್ ಮೇಲೆ ಕಾಫಿ ಚೆಲ್ಲಿ ಬೇಕಾದ ಜಾಗದಲ್ಲೇ ಕಲೆ.

ಎರಡು ಗಂಟೆ ತಪ್ಪು ಕಡೆ ಅಲೆದ್ವಿ. ಬಿಸಿಲು ಏರ್ತು, ಉಣ್ಣೆ ಟೋಪಿಗಳೆಲ್ಲ ಬ್ಯಾಗಿಗೆ ಹೋದ್ವು, ಜಾಲಿ ಮುಳ್ಳಿಗೆ ನನ್ನ ಪ್ಯಾಂಟ್ ಹರೀತು, ಸಿಕ್ಕಿದ್ದೆಲ್ಲ ಬೂದು ಬಣ್ಣದ ಸಾದಾ ಡಾಲಮೈಟ್. ಹುಡುಗಿ ಸಣ್ಣ ಬಾಟ್ಲಿಯಿಂದ ತೆಳು ಆಸಿಡ್ ಒಂದು ಹನಿ ಬಿಟ್ಟು ನೋಡೋದು, ಸುಣ್ಣದಕಲ್ಲಾದ್ರೆ ಜುಯ್ ಅಂತ ನೊರೆ ಬರತ್ತೆ, ಡಾಲಮೈಟ್ ಆದ್ರೆ ಸುಮ್ನಿರತ್ತೆ, ಚಾಕುವಿಂದ ಕೆರೆದು ಪುಡಿ ಮೇಲೆ ಬಿಟ್ರೆ ಮಾತ್ರ ಗೊಣಗಿದಂಗೆ ಸ್ವಲ್ಪ ನೊರೆ. ಅಷ್ಟರಲ್ಲಿ ಕುರಿ ಹೊಡ್ಕೊಂಡು ಒಬ್ಬ ಹಿರೀರು ಬಂದ್ರು.

"ಎಲ್ಲಾಯ್ತು ಸಾಮಿ ನಿಮ್ಗೆ? ಮೈನಿಂಗ್‌ನೋರಾ?"

ಅವರ ದನೀಲಿ ಭಯ ಇತ್ತು, ಅದು ನ್ಯಾಯವೇ. ಅಲ್ಲ ಯಜಮಾನ್ರೇ, ನೋಡೋಕಷ್ಟೇ ಬಂದಿರೋದು, ಒಂದ್ ಚೂರೂ ಒಡಿಯಲ್ಲ ಅಂದ್ರು ಮೇಷ್ಟ್ರು. ಏನ್ ನೋಡೋಕೆ ಅಂದ್ರು. ಮೇಷ್ಟ್ರು ಫೋನಲ್ಲಿ ಫೋಟೋ ತೋರಿಸಿದ್ರು, ಪದರ ಪದರವಾಗಿ ಗುಮ್ಮಟದ ಥರ ಉಬ್ಬಿರೋ ಕಲ್ಲು. ಅವರು ಕಣ್ಣು ಕಿರಿದು ಮಾಡಿ ನೋಡಿ "ಇದಾ? ರೊಟ್ಟಿ ಅಟ್ಟಿ ಹಾಕ್ದಂಗಿರೋದು? ಅತ್ಲಾಗೈತೆ ಬನ್ನಿ" ಅಂತ ಕುರೀನೂ ತಿರುಗಿಸಿ ನಮ್ಮನ್ನೂ ತಿರುಗಿಸಿದ್ರು. ಹತ್ತೇ ನಿಮಿಷದ ದಾರಿ.

ಮೊದಲು ನಂಗೇನೂ ಕಾಣ್ಲಿಲ್ಲ, ನಿಜ ಹೇಳ್ತೀನಿ. ಮೇಷ್ಟ್ರು ವಾಟರ್ ಬಾಟ್ಲಿ ತೆಗೆದು ಬಂಡೆ ಮೇಲೆ ನೀರು ಸುರಿದ್ರು. ನೀರು ಹರಡ್ತಿದ್ದಂಗೆ ಗೆರೆಗಳು ಎದ್ದು ಬಂದ್ವು, ಕಪ್ಪು ಬೂದಿ ಕಪ್ಪು ಬೂದಿ, ಈರುಳ್ಳಿ ಅರ್ಧ ಕುಯ್ದಂಗೆ ಒಂದರ ಮೇಲೊಂದು ಕಮಾನು, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಯಾರೂ ಮಾತಾಡ್ಲಿಲ್ಲ ಸ್ವಲ್ಪ ಹೊತ್ತು. ಕುರಿ ಗಂಟೆ ಸದ್ದು ಮಾತ್ರ.

ಇದರಲ್ಲಿ ಕಣ್ಣಿಲ್ಲ ಕಾಲಿಲ್ಲ ಚಿಪ್ಪಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ತಿಳಿ ನೀರಿನ ತಳದಲ್ಲಿ ಪಾಚಿ ಹಾಸಿದಂಗೆ ಹರಡ್ಕೊಂಡಿದ್ವು, ಲೋಳೆಗೆ ಸಣ್ಣ ಕೆಸರು ಸುಣ್ಣ ಅಂಟ್ಕೊಳ್ತು, ಬೆಳಕು ಬೇಕಲ್ಲ, ಅದರ ಮೇಲಕ್ಕೆ ಮತ್ತೆ ಹತ್ತಿದ್ವು, ಮತ್ತೆ ಕೆಸರು, ಮತ್ತೆ ಹತ್ತೋದು. ಬೇಸಿಗೇಲಿ ನಮ್ಮೂರ ಕೆರೆ ಬತ್ತಿದಾಗ ಪಾಚಿ ಒಣಗಿ ಪದರವಾಗಿ ಏಳತ್ತಲ್ಲ, ಅದನ್ನೇ ಕಲ್ಲು ಮಾಡಿ ಇಟ್ಟಂಗೆ. ಆಸ್ಟ್ರೇಲಿಯಾದ ಶಾರ್ಕ್ ಬೇ ಅನ್ನೋ ಕಡೆ ಇವತ್ತಿಗೂ ಇಂಥವು ಬೆಳೀತಾ ಇವೆ. ಗಾಳೀಲಿ ಆಮ್ಲಜನಕ ತುಂಬಿದ್ದು ಇಂಥ ಜೀವಿಗಳಲ್ಲಿ ಬೆಳಕಿಂದ ಅಡುಗೆ ಮಾಡ್ಕೊಳ್ಳೋ ಗುಂಪಿಂದಲೇ, ಅದು ಆಗಿದ್ದೂ ಈ ಬಂಡೆ ಆದ ಮೇಲೇನೇ, ಅಂದಾಜು 240 ಕೋಟಿ ವರ್ಷದ ಹಿಂದೆ. ಅವು ಉಸಿರು ಬಿಡದಿದ್ರೆ ಕ್ಯಾತ್ಸಂದ್ರದ ಟ್ರೈಲೊಬೈಟ್ ಉಸಿರಾಡೋಕೆ ಏನಿರ್ತಿತ್ತು.

ಕುರಿ ಯಜಮಾನ್ರು ಬಂಡೆ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ್ರು. ನಾವು ನಮಸ್ಕಾರ ಒಂದು ಮಾಡಿರಲಿಲ್ಲ ಅಷ್ಟೇ, ಮೊಣಕಾಲೂರಿ ನೋಡ್ತಿದ್ವಿ. "ಚಿನ್ನ ಐತಾ ಇದ್ರಾಗೆ?" ಇಲ್ಲ ಅಂದ್ವಿ. "ಮತ್ತೆ ಇದೇನು?" ಹುಡುಗಿ ಹೇಳಿದ್ಲು, ಪಾಚಿ ಅಜ್ಜ, ತುಂಬಾ ಹಳೇ ಪಾಚಿ. ಅವರು ಬಂಡೆ ಒಂದ್ಸಲ ನೋಡಿದ್ರು, ನಮ್ಮ ಟಿಟಿ ಬಾಡಿಗೆ ಎಷ್ಟು ಅಂತ ಕೇಳಿದ್ರು, ಆಮೇಲೆ ತುಂಬಾ ಹೊತ್ತು ಏನೂ ಕೇಳ್ಲಿಲ್ಲ. ಹೊರಡುವಾಗ ಮಾತ್ರ "ನಮ್ಮ ಹುಡುಗ್ರಿಗೂ ಹೇಳ್ತೀನಿ ಬಿಡಿ, ಒಡೀಬ್ಯಾಡ್ರೋ ಅಂತ" ಅಂದ್ರು. ನಂಗೆ ಇಡೀ ಟ್ರಿಪ್ಪಲ್ಲಿ ಖುಷಿ ಕೊಟ್ಟ ಮಾತು ಅದು, ಯಾಕಂದ್ರೆ ಅಂಥ ಕಲ್ಲು ಜಲ್ಲಿ ಆಗಿ ಹೋಗೋಕೆ ಒಂದು ದಿನ ಸಾಕು.

ರಾತ್ರಿ ಮೇಷ್ಟ್ರ ಮನೆ ತಾರಸಿ ಮೇಲೆ ಹಾಸಿಗೆ. ಹೂಕುಂಡ ಸರಿಸುವಾಗ ಕೆಳಗಿಂದ ಬೂದು ಹುಳ ಒಂದು ಆಚೆ ಬಂತು, ಮುಟ್ಟಿದ ತಕ್ಷಣ ಗುಂಡಗೆ ಉಂಡೆ ಆಯ್ತು, ನೀವೂ ಚಿಕ್ಕವರಿದ್ದಾಗ ಆಡಿರ್ತೀರ. ಟ್ರೈಲೊಬೈಟೂ ಇದನ್ನೇ ಮಾಡ್ತಿತ್ತು, ಹೆದರಿದ್ರೆ ಹೊಟ್ಟೆ ಒಳಗೆ ಮಾಡ್ಕೊಂಡು ಸುರುಳಿ. ಹಂಗೇ ಉಂಡೆ ಆಗಿ ಕೆಸರಲ್ಲಿ ಹೂತುಹೋಗಿ ಹಂಗೇ ಕಲ್ಲಾದವು ಸಾಕಷ್ಟು ಸಿಕ್ಕಿವೆ, ಹೆದರ್ಕೊಂಡ ಆ ಕ್ಷಣ ಕೋಟ್ಯಂತರ ವರ್ಷ ಬಿಚ್ಕೊಳ್ಳದೇ ಉಳಿದಿದೆ. ನಾವು ಟಾರ್ಚ್ ಆರಿಸಿ ಕಾದ್ವಿ, ಈ ಹುಳ ಒಂದು ನಿಮಿಷಕ್ಕೆ ಬಿಚ್ಕೊಂಡು ಹೋಯ್ತು.

ಮೂರನೇ ದಿನ, ಭಾನುವಾರ

ಇವತ್ತಿಂದು ಕೆಜಿಎಫ್ ಅಣ್ಣನ ಹಠ. ನಿಮ್ಮ ಜಿಲ್ಲೆ ತೋರಿಸಿದ್ರಿ, ನಮ್ದೂ ನೋಡಿ ಅಂತ. ಐದಕ್ಕೇ ಹೊರಟ್ವಿ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ವಿಜಯಪುರ, ಎಚ್ ಕ್ರಾಸ್, ವೇಮಗಲ್, ಕೋಲಾರ. ಮುಕ್ಕಾಲು ದಾರಿ ನಿದ್ದೆ. ಎಚ್ ಕ್ರಾಸ್‌ನಲ್ಲಿ ಟೀ ಕುಡಿಯುವಾಗ ರೇಷ್ಮೆಗೂಡಿನ ಮೂಟೆ ಹಾಕ್ಕೊಂಡ ಗಾಡಿ ಪಕ್ಕ ನಿಲ್ತು, ಹಲ್ಲಿನ ಡಾಕ್ಟ್ರು ಅದನ್ನೂ ಬಿಡದೇ "ಇವೂ ಪೊರೆ ಬಿಡೋ ಜಾತಿನೇ" ಅಂದ್ರು.

ಕೆಜಿಎಫ್ ಹತ್ರ ಪೆದ್ದಪಲ್ಲಿ ಕಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿರೋ ಬಂಡೆಗಳಿವೆ, ಜ್ವಾಲಾಮುಖಿ ಚೂರುಗಳು ಸೇರಿ ಆದ ಕಲ್ಲು ಮತ್ತೆ ದಿಂಬು ಲಾವಾ. ನೀರಿನ ಕೆಳಗೆ ಲಾವಾ ಉಕ್ಕಿದ್ರೆ ಹೊರಮೈ ತಕ್ಷಣ ಗಟ್ಟಿಯಾಗಿ ಒಳಗೆ ಇನ್ನೂ ಬಿಸಿ ಇರತ್ತೆ, ಅದು ಒಡ್ಕೊಂಡು ಇನ್ನೊಂದು ಗುಳ್ಳೆ, ಹಂಗೆ ದಿಂಬು ಒಟ್ಟಿದಂಗೆ ಆಗತ್ತೆ. ಅಂದ್ರೆ ಕೋಲಾರದಲ್ಲೂ ಒಂದು ಕಾಲಕ್ಕೆ ನೀರು! ಈ ಮಾತು ಹೇಳಿದ್ದಕ್ಕೆ ಅಣ್ಣ ಜೋರಾಗಿ ನಕ್ಕು, ಈಗ ಸಾವಿರದ ಮೇಲೆ ಎಷ್ಟು ಅಡಿ ಕೊರೆಸಿದ್ರೂ ಬೋರಲ್ಲಿ ಬರೀ ಧೂಳು ಅಂದ್ರು.

ಆಮೇಲೆ ಸೈನೈಡ್ ದಿಬ್ಬದ ಕಡೆ. ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡ, ಗಾಳಿ ಬೀಸಿದ್ರೆ ಊರ ತುಂಬ. ಅಣ್ಣನ ಅಪ್ಪ ಚಾಂಪಿಯನ್ ರೀಫ್ ಗಣೀಲಿ ಇದ್ದೋರು, ನೆಲದಿಂದ ಮೂರು ಕಿಲೋಮೀಟರ್‌ಗೂ ಕೆಳಗೆ ಹೋಗೋ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ರು. "ಅಪ್ಪ ಹೇಳೋರು, ಕೆಳಗೆ ಗೋಡೆ ಮುಟ್ಟಿದ್ರೆ ಸುಡೋದಂತೆ. ನಾನ್ ಚಿಕ್ಕೋನು, ಡೈನೋಸಾರ್ ಮೂಳೆ ಸಿಗ್ತಾ ಅಪ್ಪ ಅಂತ ದಿನಾ ಕೇಳ್ತಿದ್ದೆ. ಇಲ್ಲ ಅಂದ್ರೆ ಸುಳ್ಳು ಅಂತ ಅಳೋನು. ಒಂದ್ ದಿನ ತಡೀಲಾರದೆ ಟಿಫಿನ್ ಕ್ಯಾರಿಯರಲ್ಲಿ ಒಂದ್ ಕಲ್ಲು ತಂದು ಇದೇ ಮೂಳೆ ಅಂತ ಕೊಟ್ರು." ಬಿಳೀ ಬೆಣಚುಕಲ್ಲು ಅಂತೆ. ಈಗಲೂ ಇಟ್ಕೊಂಡಿದಾರೆ. ಈ ಗುಂಪಿಗೆ ಸೇರಿದ್ ಮೊದಲನೇ ವರ್ಷ ಅದನ್ನೇ ತಂದು ತೋರಿಸಿದ್ರು, ಆಗ ನಾವೆಲ್ಲ ಅದು ಬರೀ ಬೆಣಚು ಅಂತ ಹೇಳಿಬಿಟ್ಟಿದ್ವಿ. ಅಪ್ಪ ಕೊಟ್ಟಿದ್ದು ಅಂತ ಆವತ್ತು ಅವರು ಹೇಳಿರಲಿಲ್ಲ.

ಯಾರೂ ಏನೂ ಅನ್ಲಿಲ್ಲ. ಡಾಕ್ಟ್ರು ಆ ಕಡೆ ಈ ಕಡೆ ನೋಡಿ ತಮ್ಮ ಜೇಬಿಂದ ಒಂದು ಎಲ್ರೇಥಿಯಾ ತೆಗೆದು ಅಣ್ಣನ ಕೈಗಿಟ್ರು, ಇನ್ನೊಂದು ನಂಗೆ. ಪುಕ್ಕಟೆ ಅಲ್ಲ, ನನ್ನ ರೆಸಿನ್ ತ್ರಿಶೂಲ ಅವರಿಗೆ ಬೇಕಂತೆ, ಕ್ಲಿನಿಕ್ ಟೇಬಲ್ ಮೇಲೆ ಇಟ್ಟು ಫಿಲ್ಲಿಂಗ್ ಎಷ್ಟು ಗಟ್ಟಿ ಅಂತ ಪೇಷಂಟುಗಳಿಗೆ ತೋರಿಸ್ತಾರಂತೆ. ಕೊಟ್ಟೆ. ಕಪ್ಪು ಬಿಲ್ಲೆ ಕೈಲಿ ತಣ್ಣಗಿತ್ತು, ಉಗುರಲ್ಲಿ ಸವರಿದ್ರೆ ಎದೆಯ ಏಣುಗಳು ಒಂದೊಂದೂ ಸಿಗ್ತಿತ್ತು, ಎಡಗೆನ್ನೆ ಇಲ್ಲ. ಅಂಗಿಯೋ ಪ್ರಾಣಿಯೋ ಅಂತ ಹುಡುಗಿನ ಕೇಳಿದೆ, ಒಂದ್ ಕೆನ್ನೆ ಮಾತ್ರ ಹೋಗಿದ್ರೆ ಹೇಳೋದ್ ಕಷ್ಟ ಅಣ್ಣ ಅಂದ್ಲು.

ವಾಪಸ್ ಬರುವಾಗ ಕತ್ತಲಾಗಿತ್ತು. ದಾಬಸ್‌ಪೇಟೆ ಹತ್ರ ಹೈವೇಗೆ ಸೇರಿದ್ ಮೇಲೆ ಎಲ್ಲರೂ ಎದ್ದು ಕೂತು ಕಿಲೋಮೀಟರ್ ಎಣಿಸೋಕೆ ಶುರು. ಹತ್ತು, ಒಂಬತ್ತು, ಎಂಟು. "ಹುಟ್ತು!" ಅಂತ ಹಿಂದಿನ ಸೀಟಿಂದ ಚಪ್ಪಾಳೆ. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕ್ದ. ಕ್ಯಾತ್ಸಂದ್ರದಲ್ಲಿ ಮೇಷ್ಟ್ರು ನಿಲ್ಸಪ್ಪಾ ಅಂದ್ರು, ಇನ್ನು ಒಂದೇ ಕಿಲೋಮೀಟರ್ ಮುಂದೆ ಹೋದ್ರೆ ಎಲ್ಲಾ ಸಾಯ್ತವೆ, ಅದಕ್ ಮುಂಚೆ ತಟ್ಟೆ ಇಡ್ಲಿ ತಿಂದ್ಬಿಡಣ ಅಂತ. ಹೋಟ್ಲೋನು ಎಷ್ಟು ಜನ ಅಂದ. ಹತ್ತು ಅಂದೆ, ಡ್ರೈವರ್ ಸೇರಿ. ಇಡ್ಲಿ ಏಳೇ ಉಳಿದಿತ್ತು.